ಹತ್ತು ಗಂಟೆಯ ಫೋನು: ಹನುಮಂತನಗರದ ನೆರವಿನ ಸೇವೆಯನ್ನು ಬಳಸಿದವಳ ಅಭಿಪ್ರಾಯ

ಹೆಸರಿಲ್ಲದ, ಬೋರ್ಡಿಲ್ಲದ, ಎಲ್ಲಿಯೂ ನೋಂದಣಿಯಾಗದ ಒಂದು ಸೇವೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನ ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಆಸುಪಾಸಿನ ಕೆಲವು ಅಡ್ಡರಸ್ತೆಗಳಲ್ಲಿ, ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ ಕೊನೆಯ ವಾರದಿಂದ 2021ರ ಮಳೆಗಾಲ ಮುಗಿಯುವವರೆಗೆ, ಬಡಾವಣೆಯ ಹುಡುಗ ಹುಡುಗಿಯರೇ ಸೇರಿ ಇದನ್ನು ದಿನವೂ ನಡೆಸಿದರು. ನಾವು ಹಿರಿಯರು ಅವರನ್ನು 'ನೆರವಿನ ಹುಡುಗರು' ಎಂದು ಕರೆಯುತ್ತಿದ್ದೆವು. ಅವರಲ್ಲಿ ಅರ್ಧದಷ್ಟು ಹುಡುಗಿಯರೇ ಇದ್ದರೂ ಆ ಹೆಸರು ಹಾಗೆಯೇ ನಿಂತುಬಿಟ್ಟಿತು. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಆಗ ನನಗೆ 66 ವರ್ಷ, ನಮ್ಮ ಯಜಮಾನರಿಗೆ 72. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ, ಬಿ.ಪಿ.ಯೂ ಇದೆ. ಒಬ್ಬಳೇ ಮಗಳು ಪುಣೆಯಲ್ಲಿದ್ದಾಳೆ. ಆ ಒಂದೂವರೆ ವರ್ಷ ನಮ್ಮ ಮನೆ ನಡೆದದ್ದು ಬಹುಮಟ್ಟಿಗೆ ಈ ಮಕ್ಕಳ ಕೈಯಿಂದ.

ಆ ದಿನಗಳಲ್ಲಿ ನೆರವಾದವರ ಬಗ್ಗೆ ಬರೆಯುವವರು ಕೈಮುಗಿದು ಮುಗಿಸುತ್ತಾರೆ. ನನಗೂ ಕೈಮುಗಿಯುವ ಮನಸ್ಸೇ ಇದೆ. ಆದರೆ ಔಷಧದ ಅಂಗಡಿಯನ್ನೋ ಬ್ಯಾಂಕಿನ ಶಾಖೆಯನ್ನೋ ನಾವು ಹೇಗೆ ಒರೆಗೆ ಹಚ್ಚುತ್ತೇವೆಯೋ ಹಾಗೆಯೇ ಇದನ್ನೂ ಹಚ್ಚಿ ನೋಡಬೇಕೆಂದು ನನ್ನ ಅನಿಸಿಕೆ. ಏಕೆಂದರೆ ಇನ್ನೊಮ್ಮೆ ಅಂಥ ಕಾಲ ಬಂದರೆ ಊರೂರಿನ ಬಡಾವಣೆಗಳಲ್ಲಿ ಇಂಥದ್ದನ್ನೇ ಮತ್ತೆ ಕಟ್ಟಬೇಕಾಗುತ್ತದೆ, ಆಗ ಕಟ್ಟುವವರಿಗೆ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದು ತಿಳಿದಿರಬೇಕು.

ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ ಆಯಿತು. 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಅದರ ಎರಡನೆಯ ಅಥವಾ ಮೂರನೆಯ ದಿನ ನಮ್ಮ ಗೇಟಿನ ಕೆಳಗಿನಿಂದ ಒಂದು ಚೀಟಿ ಒಳಗೆ ಬಂದಿತ್ತು. ಕೈಬರಹದ್ದೇ, ಜೆರಾಕ್ಸ್ ಮಾಡಿಸಿದ್ದು. ಹೆಸರು, ವಯಸ್ಸು, ಮನೆಯಲ್ಲಿ ಎಷ್ಟು ಜನ, ದಿನವೂ ತೆಗೆದುಕೊಳ್ಳುವ ಮಾತ್ರೆಗಳು, ತೋರಿಸಿಕೊಳ್ಳುವ ಡಾಕ್ಟರು, ಊರ ಹೊರಗಿರುವ ಮಕ್ಕಳ ಫೋನ್ ನಂಬರು, ಇಷ್ಟನ್ನು ಮುಂಬದಿಯಲ್ಲಿ ಕೇಳಿದ್ದರು. ಹಿಂಬದಿಯಲ್ಲಿ ಒಂದೇ ಒಂದು ಪ್ರಶ್ನೆಯಿತ್ತು: 'ನಿಮಗೆ ಯಾವ ಹೊತ್ತಿನಲ್ಲಿ ಫೋನ್ ಮಾಡಿದರೆ ಅನುಕೂಲ?' ಪೂಜೆ, ತಿಂಡಿ ಮುಗಿದು ಯಜಮಾನರು ಪೇಪರ್ ಹಿಡಿದು ಕೂರುವ ಹೊತ್ತೆಂದು ನಾನು 'ಬೆಳಿಗ್ಗೆ 10' ಎಂದು ಬರೆದು ಗೇಟಿಗೆ ಸಿಕ್ಕಿಸಿದೆ. ಮರುದಿನ ಹತ್ತಕ್ಕೆ ಫೋನು ಬಂತು. ಆಮೇಲೆ ಬಂದ ದಿನಗಳಿಗಿಂತ ಬಾರದ ದಿನಗಳನ್ನು ಎಣಿಸುವುದೇ ಸುಲಭ.

ಈ ಸೇವೆಯ ಜೀವಾಳವೇ ಆ ಫೋನು ಎಂದು ನಾನು ಹೇಳುತ್ತೇನೆ. ಮೊದಲ ವಾರ ಅವರಿಗೆ ಕೇಳುವ ಬಗೆ ತಿಳಿದಿರಲಿಲ್ಲ. 'ಏನಾದರೂ ಬೇಕಾ ಟೀಚರ್?' ಎನ್ನುತ್ತಿದ್ದರು, ನಾವು 'ಏನೂ ಬೇಡಪ್ಪ, ಆರಾಮಾಗಿದೀವಿ' ಎನ್ನುತ್ತಿದ್ದೆವು. ನಮ್ಮ ವಯಸ್ಸಿನವರ ಬಾಯಲ್ಲಿ ಬೇರೆ ಉತ್ತರ ಬರುವುದಿಲ್ಲ. ಪರರ ಮನೆಯ ಹುಡುಗನನ್ನು ಬೇಳೆಗೂ ಕೊತ್ತಂಬರಿ ಸೊಪ್ಪಿಗೂ ಅಟ್ಟುವುದೆಂದರೆ ನಾಲಿಗೆ ಏಳುವುದಿಲ್ಲ. ಅವರಲ್ಲೊಬ್ಬಳು, ಕಾಲೇಜಿಗೆ ಹೋಗುವ ಹುಡುಗಿ, ಪ್ರಶ್ನೆಯನ್ನೇ ಬದಲಿಸಿದಳು. 'ನಿನ್ನೆ ಏನು ಸಾರು ಮಾಡಿದ್ರಿ?' ಎಂದು ಕೇಳತೊಡಗಿದಳು. ನಮ್ಮ ಎದುರು ಮನೆಯಲ್ಲಿ ಎಚ್‌ಎಂಟಿ ಕಾರ್ಖಾನೆಯಿಂದ ನಿವೃತ್ತರಾದ, ಎಂಬತ್ತು ದಾಟಿದ ಹಿರಿಯರೊಬ್ಬರು ಒಬ್ಬರೇ ಇದ್ದರು. ಅಡುಗೆಯಾಕೆ ಬರುವುದು ನಿಂತಿತ್ತು. ಅವರು ಮೂರು ದಿನವೂ 'ಮೊಸರನ್ನ' ಎಂದರು. ನಾಲ್ಕನೆಯ ದಿನ ಆ ಹುಡುಗಿ ಗೇಟಿನ ಹತ್ತಿರ ಹೋಗಿ ನಿಂತು ವಿಚಾರಿಸಿದಾಗ ಗೊತ್ತಾದದ್ದು, ಅವರಿಗೆ ಅನ್ನ ಇಡಲು ಮಾತ್ರ ಬರುತ್ತಿತ್ತು, ಹಾಲಿನಂಗಡಿಯವರೆಗೆ ಮಾತ್ರ ನಡೆಯಲು ಆಗುತ್ತಿತ್ತು. ಅಂದಿನಿಂದ ಎರಡು ಮನೆಗಳವರು ಸರದಿಯ ಮೇಲೆ ಅವರಿಗೆ ಸಾರು ಪಲ್ಯ ಕಳಿಸಿದರು. ಕೇಳಿದ್ದರೆ ಅವರು ಕೊನೆಯವರೆಗೂ 'ಏನೂ ಬೇಡ' ಎಂದೇ ಹೇಳುತ್ತಿದ್ದರು.

ನಗರದಲ್ಲಿ ಸಹಾಯವಾಣಿಗಳಿಗೆ ಕೊರತೆಯಿರಲಿಲ್ಲ. ಹಿರಿಯ ನಾಗರಿಕರ ಸಹಾಯವಾಣಿ 1090 ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರ ಜೊತೆಗಾರಿಕೆಯಲ್ಲಿ 2002ರಿಂದಲೇ ಇದೆ. 2020ರ ಏಪ್ರಿಲ್‌ನಲ್ಲಿ ಸರ್ಕಾರದ ಆಪ್ತಮಿತ್ರ 14410 ಶುರುವಾಯಿತು. ಮುಂದೆ ಹಿರಿಯರಿಗೆಂದೇ 14567 ಬಂತು. ನಿಮ್ಹಾನ್ಸ್‌ನವರು ಮನಸ್ಸಿನ ಕಳವಳಕ್ಕೆ ಬೇರೆಯೇ ಸಹಾಯವಾಣಿ ತೆರೆದರು. ಇವೆಲ್ಲ ಇರಲೇಬೇಕು, ಮಕ್ಕಳಿಂದ ಹಿಂಸೆ, ಆಸ್ತಿಯ ತಕರಾರು ಮುಂತಾದ, ಬಡಾವಣೆಯ ಹುಡುಗರು ಕೈಹಾಕಲಾಗದ ಸಂಗತಿಗಳಿಗೆ 1090ರಂಥ ವ್ಯವಸ್ಥೆಯನ್ನು ಬಿಟ್ಟರೆ ಗತಿಯಿಲ್ಲ. ಆದರೆ ಸಹಾಯವಾಣಿ ನಮ್ಮ ಕರೆಗೆ ಕಾಯುತ್ತದೆ. ಕಿವಿ ಮಂದವಾದವರು, ಧ್ವನಿಮುದ್ರಿತ ಸೂಚನೆ ಕೇಳಿಸಿಕೊಂಡು ಒಂದನ್ನೊತ್ತಬೇಕೋ ಎರಡನ್ನೋ ಎಂದು ತಡಕಾಡುವವರು, ಕಷ್ಟ ಹೇಳಿಕೊಳ್ಳುವುದೇ ಅವಮಾನ ಎಂದುಕೊಂಡವರು ಆ ಕರೆ ಮಾಡುವುದಿಲ್ಲ. ಹುಡುಗರ ಸೇವೆ ಕಾಯಲಿಲ್ಲ, ತಾನೇ ಬಂದು ವಿಚಾರಿಸಿತು. ಇದೊಂದೇ ಕಾರಣಕ್ಕೆ ಅದರ ಉಳಿದೆಲ್ಲ ಕೊರತೆಗಳ ನಡುವೆಯೂ ನಾನು ಅದನ್ನು ಮೇಲಿನ ದರ್ಜೆಯಲ್ಲಿ ಇಡುತ್ತೇನೆ.

ದಿನಸಿ, ತರಕಾರಿಯ ವಿಷಯದಲ್ಲಿ ಹೇಳುವುದು ಹೆಚ್ಚೇನಿಲ್ಲ. ಕೆ.ಆರ್. ಮಾರುಕಟ್ಟೆ ಮುಚ್ಚಿದ್ದ ದಿನಗಳಲ್ಲಿ ಹಾಪ್‌ಕಾಮ್ಸ್ ಗಾಡಿಯಿಂದಲೋ ತಳ್ಳುಗಾಡಿಯಿಂದಲೋ ತಂದು ಗೇಟಿನ ಮೇಲೆ ಚೀಲ ನೇತುಹಾಕಿ ಹೋಗುತ್ತಿದ್ದರು. ಬಿಲ್ಲು ಒಳಗಿರುತ್ತಿತ್ತು, ಬಿಲ್ಲಿಗಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಂಡದ್ದಿಲ್ಲ. ಸೇವೆಗೆ ಶುಲ್ಕವಿರಲಿಲ್ಲ. ಕೊಳ್ಳಲಾಗದವರ ಖರ್ಚನ್ನು ಉಳಿದವರ ದೇಣಿಗೆಯಿಂದ ತುಂಬುತ್ತಿದ್ದರು, ತಿಂಗಳ ಲೆಕ್ಕವನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಫೋಟೊ ತೆಗೆದು ಎಲ್ಲರಿಗೂ ಕಳಿಸುತ್ತಿದ್ದರು. ಗಣಿತದ ಮೇಡಂ ನೋಡುತ್ತಾರೆಂಬ ಹೆದರಿಕೆಯೋ ಏನೋ, ಕೂಡಿಕೆ ಎಲ್ಲಿಯೂ ತಪ್ಪಿರಲಿಲ್ಲ.

ಔಷಧದ ವಿಷಯ ಬೇರೆ. ಅಲ್ಲಿ ಒಮ್ಮೆ ತಪ್ಪಾಯಿತು. ಯಜಮಾನರಿಗೆ ಬೇಕಾದದ್ದು 1000 ಮಿಲಿಗ್ರಾಮಿನ ಮೆಟ್‌ಫಾರ್ಮಿನ್. ಫೋನಿನಲ್ಲಿ ಕೇಳಿಸಿಕೊಂಡ ಹುಡುಗ ಬರೀ ಹೆಸರು ಬರೆದುಕೊಂಡು 500ರ ಮಾತ್ರೆ ತಂದ. ಮಾತ್ರೆಯ ಸ್ಟ್ರಿಪ್ಪಿನ ಬಣ್ಣ ಬೇರೆಯಿದ್ದುದರಿಂದ ನನಗೆ ತಿಳಿಯಿತು. ಕಣ್ಣಿನ ಪೊರೆ ಬಂದ ಒಂಟಿ ಹಿರಿಯರ ಮನೆಯಲ್ಲಾಗಿದ್ದರೆ ತಿಳಿಯುತ್ತಿರಲಿಲ್ಲ. ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಮಾರನೆಯ ದಿನದಿಂದ ಅವರು ಪದ್ಧತಿಯನ್ನೇ ಬದಲಿಸಿದರು: ಯಾರ ಮನೆಯಲ್ಲೂ ಮಾತ್ರೆಯ ಹೆಸರನ್ನು ಬಾಯಲ್ಲಿ ಕೇಳುವಂತಿಲ್ಲ, ಖಾಲಿಯಾದ ಸ್ಟ್ರಿಪ್ಪನ್ನೇ ಕವರಿಗೆ ಹಾಕಿ ಗೇಟಿನಲ್ಲಿ ಇಡಬೇಕು, ಅಂಗಡಿಯವರು ಅದನ್ನು ನೋಡಿಯೇ ಕೊಡಬೇಕು. ಇನ್ಸುಲಿನ್ ತರುವಾಗ ಸ್ಟೀಲಿನ ಊಟದ ಡಬ್ಬಿಯಲ್ಲಿ ಐಸ್ ಇಟ್ಟು, ಬಾಟಲಿ ಐಸಿಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ತರುತ್ತಿದ್ದರು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟಿತೆಂಬುದನ್ನು ಅವರಿಗೆ ಯಾರೋ ಹೇಳಿಕೊಟ್ಟಿದ್ದರು, ಅವರು ಮರೆತಿರಲಿಲ್ಲ. ದೂರು ಕೇಳಿದ ಮೇಲೆ ಇಷ್ಟು ಬೇಗ ತಿದ್ದಿಕೊಂಡ ಸೇವೆಯನ್ನು ನಾನು ದುಡ್ಡು ಕೊಟ್ಟ ಕಡೆಯೂ ಕಂಡಿಲ್ಲ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು, ಅದನ್ನು ತಿದ್ದಿಕೊಳ್ಳಲು ತಿಂಗಳುಗಳೇ ಹಿಡಿದವು. ಯಾವ ಮನೆಯಲ್ಲಿ ಹಿರಿಯರು ಒಂಟಿಯಾಗಿದ್ದಾರೆ, ಅವರ ವಯಸ್ಸೆಷ್ಟು, ಕಾಯಿಲೆಯೇನು ಎಂಬ ಪಟ್ಟಿಯನ್ನು ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೇ ಹಾಕಿದ್ದರು. ಗುಂಪಿನಲ್ಲಿ ಯಾರು ಯಾರಿದ್ದಾರೆಂದು ಗುಂಪು ಕಟ್ಟಿದವರಿಗೇ ಪೂರ್ತಿ ತಿಳಿದಿರಲಿಲ್ಲ. ಒಂಟಿ ಮುದುಕರ ಮನೆಗಳಿಗೆ ಕನ್ನ ಹಾಕುವ ಸುದ್ದಿಯನ್ನು ಈ ಊರಿನಲ್ಲಿ ನಾವು ಓದುತ್ತಲೇ ಬಂದಿದ್ದೇವೆ. ಕೆಲವರು ಆಕ್ಷೇಪಿಸಿದ ಮೇಲೆ ಪಟ್ಟಿಯನ್ನು ಅಳಿಸಿ, ಒಬ್ಬೊಬ್ಬ ಕಾರ್ಯಕರ್ತರಿಗೆ ಹತ್ತು ಮನೆಗಳಷ್ಟೇ ತಿಳಿದಿರುವಂತೆ ಹಂಚಿದರು. ಮುಂದೆ ಇಂಥ ಸೇವೆ ಕಟ್ಟುವವರು ಮೊದಲ ದಿನವೇ ಹೀಗೆ ಮಾಡಬೇಕು. ಹತ್ತು ಮನೆಯ ಲೆಕ್ಕದಿಂದ ಇನ್ನೊಂದು ಲಾಭವೂ ಆಯಿತು: ದಿನವೂ ಅದೇ ಧ್ವನಿ ಫೋನಿನಲ್ಲಿ ಬರುವುದರಿಂದ ನಮ್ಮ ಧ್ವನಿಯಲ್ಲಿ ಸ್ವಲ್ಪ ಏರುಪೇರಾದರೂ ಅವರಿಗೆ ಗೊತ್ತಾಗುತ್ತಿತ್ತು.

ಇನ್ನೊಂದು ಮಾತನ್ನು ಮನಸ್ಸು ಬಿಚ್ಚಿ ಹೇಳಬೇಕು. 2020ರ ಮೇ ತಿಂಗಳ ಕೇಂದ್ರದ ಮಾರ್ಗಸೂಚಿಯಲ್ಲಿ 65 ವರ್ಷ ದಾಟಿದವರು, ಕಾಯಿಲೆಯಿದ್ದವರು, ಗರ್ಭಿಣಿಯರು, 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಬೇಕೆಂದು ಒಂದೇ ವಾಕ್ಯದಲ್ಲಿ ಬರೆದಿತ್ತು. ಹುಡುಗರು ಆ ವಾಕ್ಯವನ್ನು ವೇದವಾಕ್ಯ ಮಾಡಿಕೊಂಡರು. ಬೆಳಿಗ್ಗೆ ಐದೂವರೆಗೆ, ರಸ್ತೆಯಲ್ಲಿ ನರಪಿಳ್ಳೆಯಿಲ್ಲದ ಹೊತ್ತಿನಲ್ಲಿ, ಮನೆಯ ಮುಂದೆ ನಾಲ್ಕು ಹೆಜ್ಜೆ ಹಾಕಿದ ಹಿರಿಯರನ್ನು ಇಪ್ಪತ್ತರ ಹುಡುಗ ನಿಲ್ಲಿಸಿ ಗದರಿಸಿದ್ದನ್ನು ನಾನು ನೋಡಿದ್ದೇನೆ. ಕಾಳಜಿಯಿಂದಲೇ ಗದರಿಸಿದ, ಅದು ನನಗೆ ಗೊತ್ತು. ಆದರೂ ನಲವತ್ತು ವರ್ಷ ದುಡಿದು ಸಂಸಾರ ನಡೆಸಿದವರು ತಪ್ಪು ಮಾಡಿದ ಮಗುವಿನಂತೆ ಒಳಗೆ ಹೋದದ್ದು ಕಣ್ಣಿಗೆ ಕಟ್ಟಿದಂತಿದೆ. ಸಕ್ಕರೆ ಕಾಯಿಲೆಯವರಿಗೆ ನಡಿಗೆ ನಿಂತರೆ ಏನಾಗುತ್ತದೆಂಬುದು ಆ ವರ್ಷ ನಮ್ಮ ಮನೆಯಲ್ಲೇ ಗೊತ್ತಾಯಿತು. ಕೊನೆಗೆ ತಾರಸಿಯ ಮೇಲೆ ಎಣಿಸಿ ನೂರು ಸುತ್ತು ಹಾಕುವುದನ್ನು ರೂಢಿ ಮಾಡಿಕೊಂಡೆವು. ನೆರವು ಕೊಡುವವರು ವಯಸ್ಸಾದವರ ಜೊತೆ ಕೂತು ತೀರ್ಮಾನ ಮಾಡಬೇಕು, ಅವರ ಪರವಾಗಿ ತೀರ್ಮಾನ ಮಾಡಬಾರದು.

2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಶುರುವಾದಾಗ ಸೇವೆ ತನ್ನ ಕಸುವನ್ನು ತೋರಿಸಿತು. ಕೋವಿನ್‌ನಲ್ಲಿ ಹೆಸರು ನೋಂದಾಯಿಸಲು ಮೊಬೈಲಿಗೆ ಬರುವ ಓಟಿಪಿ ಬೇಕು. ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ವರ್ಷಗಟ್ಟಲೆ ನಮಗೆ ಬುದ್ಧಿ ಹೇಳಿದ್ದರು. ಹುಡುಗರು ಅದನ್ನು ಫೋನಿನಲ್ಲಿ ಕೇಳಲೇ ಇಲ್ಲ. ಗೇಟಿಗೆ ಬಂದು, ನಮ್ಮ ಮೊಬೈಲನ್ನು ನಮ್ಮ ಕೈಯಲ್ಲೇ ಬಿಟ್ಟು, ಎಲ್ಲಿ ಒತ್ತಬೇಕೆಂದು ತೋರಿಸಿ ನಮ್ಮಿಂದಲೇ ಮಾಡಿಸಿದರು. ಮೊಬೈಲ್ ಇಲ್ಲದವರನ್ನು ನೆರೆಮನೆಯವರ ನಂಬರಿನಲ್ಲಿ ಸೇರಿಸಿದರು; ಆಗ ಒಂದು ನಂಬರಿನಲ್ಲಿ ನಾಲ್ವರ ಹೆಸರಿಗೆ ಅವಕಾಶವಿತ್ತು. ಮೆಟ್ಟಿಲು ಇಳಿಯಲಾಗದವರನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿ ಆಟೋದಲ್ಲಿ ಕರೆದೊಯ್ದರು. ಮೇ 13ರಂದು ಕೋವಿಶೀಲ್ಡಿನ ಎರಡು ಡೋಸುಗಳ ಅಂತರವನ್ನು 12ರಿಂದ 16 ವಾರಕ್ಕೆ ಏರಿಸಿದಾಗ, ತಮ್ಮ ಸರದಿ ತಪ್ಪಿತೆಂದು ಗಾಬರಿಯಾಗಿದ್ದ ಒಬ್ಬೊಬ್ಬ ಹಿರಿಯರಿಗೂ ಬೇರೆ ಬೇರೆಯಾಗಿ ಫೋನು ಮಾಡಿ ಹೊಸ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದರು.

ಅಷ್ಟರಲ್ಲಿ ಎರಡನೆಯ ಅಲೆ ಬಂದಿತ್ತು. ಏಪ್ರಿಲ್ 27ರ ರಾತ್ರಿಯಿಂದ ಮತ್ತೆ ಎಲ್ಲ ಮುಚ್ಚಿತು. ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ. ಅದೇ ವಾರ ಯಜಮಾನರಿಗೆ ಜ್ವರ ಬಂತು, ಪರೀಕ್ಷೆಯಲ್ಲಿ ಪಾಸಿಟಿವ್ ಬಂತು. ಒಂದು ಡೋಸ್ ಆಗಿದ್ದುದು ನಮ್ಮ ಪುಣ್ಯ. ಹುಡುಗರು ಆಕ್ಸಿಮೀಟರನ್ನು ಸ್ಯಾನಿಟೈಸರಿನಿಂದ ಒರೆಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗೇಟಿಗೆ ಕಟ್ಟಿ ಹೋದರು. ಅದರ ಬ್ಯಾಟರಿಯ ಮುಚ್ಚಳ ಸಡಿಲವಾಗಿ ಬಿಳಿಯ ದಾರದಿಂದ ಬಿಗಿದಿತ್ತು. ಎಷ್ಟು ಮನೆ ಸುತ್ತಿ ಬಂದಿತ್ತೋ. ಆರು ಗಂಟೆಗೊಮ್ಮೆ ಬೆರಳಿಗೆ ಸಿಕ್ಕಿಸಿ ನಾನು ಅಂಕಿ ಬರೆಯಬೇಕು, ಅವರು ಹತ್ತು ಗಂಟೆಗೂ ರಾತ್ರಿ ಎಂಟಕ್ಕೂ ಕೇಳುತ್ತಿದ್ದರು. 96, 95, 95. ಐದನೆಯ ದಿನ ಸಂಜೆ 93 ಬಂತು. 94ಕ್ಕಿಂತ ಇಳಿದರೆ ಸುಮ್ಮನಿರಬಾರದೆಂದು ನಮಗೆ ಫೋನು ಮಾಡುತ್ತಿದ್ದ ಹುಡುಗ ಮೊದಲೇ ಹೇಳಿದ್ದ. ಅವನು ಗಾಬರಿ ತೋರಿಸದೆ, 'ಟೀಚರ್, ತಾತನ್ನ ಬೋರಲಾಗಿ ಮಲಗಿಸಿ, ಎದೆ ಕೆಳಗೊಂದು ದಿಂಬು ಇಡಿ, ನಾನು ಡಾಕ್ಟರಿಗೆ ಲೈನ್ ಕೊಡ್ತೀನಿ, ಫೋನ್ ಇಡಬೇಡಿ' ಎಂದ. ಬಡಾವಣೆಯ ಡಾಕ್ಟರು ಮಾತಾಡಿ ಮಾತ್ರೆ ಬದಲಿಸಿದರು. ಪರೀಕ್ಷೆಯ ಮಾದರಿಗೆ ಕೊಡುವ ಎಸ್‌ಆರ್‌ಎಫ್ ಐಡಿ, ಬೆಂಗಳೂರಿನ ಸೋಂಕಿತರಿಗೆ ಕೊಡುವ ಬಿಯು ನಂಬರ್ ಎಂದರೇನೆಂದು ನನಗೆ ಆವತ್ತೇ ತಿಳಿದದ್ದು. ಬೆಡ್ ಬೇಕಾದರೆ ಅವಿಲ್ಲದೆ ಸಿಗುವುದಿಲ್ಲವೆಂದು ಹುಡುಗರು ಎರಡನ್ನೂ ಮೊದಲೇ ಬರೆದಿಟ್ಟುಕೊಂಡಿದ್ದರು. ರಾತ್ರಿ ಎರಡು ಗಂಟೆಯವರೆಗೆ ಅವನು ಅರ್ಧ ಗಂಟೆಗೊಮ್ಮೆ ವಿಚಾರಿಸಿದ. ಬೆಳಗಿನ ಹೊತ್ತಿಗೆ ಅಂಕಿ 95ಕ್ಕೆ ಬಂತು. ಆಸ್ಪತ್ರೆಯ ಅಗತ್ಯ ಬೀಳಲಿಲ್ಲ.

ಎಲ್ಲರ ಮನೆಯಲ್ಲೂ ಹಾಗಾಗಲಿಲ್ಲ. ನಮ್ಮ ರಸ್ತೆಯ ಕೊನೆಯ ಮನೆಯವರಿಗೆ ಬೆಡ್ ಸಿಕ್ಕುವುದರೊಳಗೆ ಹೊತ್ತು ಮೀರಿತ್ತು. ಆ ತಿಂಗಳಲ್ಲೇ ಎರಡು ದಿನ ನಮಗೆ ಹತ್ತು ಗಂಟೆಯ ಫೋನು ಬರಲಿಲ್ಲ. ಮೂರನೆಯ ದಿನ ಬೇರೆ ಹುಡುಗಿ ಮಾತಾಡಿದಳು. ನಮಗೆ ಮಾತಾಡುತ್ತಿದ್ದ ಹುಡುಗನ ತಂದೆ ತೀರಿಕೊಂಡಿದ್ದರು. ಅವನು ಹದಿನೈದು ದಿನದ ಮೇಲೆ ಮತ್ತೆ ಫೋನು ಹಿಡಿದ. ನಾನು ಏನು ಹೇಳಬೇಕೋ ತಿಳಿಯದೆ ಸುಮ್ಮನಿದ್ದೆ. ಅವನೇ ತಾತನ ಅಂಕಿ ಕೇಳಿದ. ಇಂಥ ಸೇವೆಯನ್ನು ನಡೆಸುವವರಿಗೆ ಯಾರು ಫೋನು ಮಾಡಬೇಕು ಎಂಬುದನ್ನು ಅವರೂ ಯೋಚಿಸಿರಲಿಲ್ಲ, ನಾವೂ ಯೋಚಿಸಿರಲಿಲ್ಲ. ಇದನ್ನು ಸೇವೆಯ ಕೊರತೆ ಎನ್ನುವುದಕ್ಕಿಂತ ಬಳಸಿದ ನಮ್ಮ ಕೊರತೆ ಎಂದೇ ನಾನು ಲೆಕ್ಕಕ್ಕೆ ಹಾಕುತ್ತೇನೆ. ಎದುರು ಮನೆಯ ಎಚ್‌ಎಂಟಿಯ ಹಿರಿಯರು ಮಾತ್ರ ಇದನ್ನು ತಾವಾಗಿಯೇ ಮಾಡಿದರು. ಕಾಲೇಜು ಮುಚ್ಚಿ ಕೋಣೆಯಲ್ಲಿ ಕಂಗೆಟ್ಟು ಕೂತಿದ್ದ ಒಬ್ಬ ಮೆಕ್ಯಾನಿಕಲ್ ವಿದ್ಯಾರ್ಥಿಗೆ ದಿನವೂ ಅರ್ಧ ಗಂಟೆ ಲೇತ್ ಯಂತ್ರದ ಕೆಲಸವನ್ನು ಫೋನಿನಲ್ಲೇ ವಿವರಿಸುತ್ತಿದ್ದರು. ತಾನು ವಿಚಾರಿಸಲು ಮಾಡಿದ ಫೋನಿನಲ್ಲಿ ತನ್ನನ್ನೇ ಅವರು ವಿಚಾರಿಸಿಕೊಳ್ಳುತ್ತಿದ್ದರೆಂದು ಆ ಹುಡುಗ ಆಮೇಲೆ ನನಗೆ ಹೇಳಿದ.

ಈಗ ನನ್ನ ಮುಖ್ಯ ದೂರು. ಆ ಮೊದಲ ಚೀಟಿಯಲ್ಲಿ ಮಕ್ಕಳಿಗೆ ಜಾಗವಿರಲಿಲ್ಲ. ಹಿರಿಯರ ವಯಸ್ಸು, ಹಿರಿಯರ ಕಾಯಿಲೆ, ಹಿರಿಯರ ಹೊತ್ತು ಇಷ್ಟೇ ಇತ್ತು. ಕಟ್ಟಡದ ಮನೆಗಳ ಮಕ್ಕಳಿಗೆ ಲ್ಯಾಪ್‌ಟಾಪ್ ಇತ್ತು, ಆನ್‌ಲೈನ್ ಪಾಠವಿತ್ತು. ಆದರೆ ನಮ್ಮ ಬಡಾವಣೆಯನ್ನು ನಡೆಸುವವರು, ಅಂದರೆ ಪಾತ್ರೆ ತೊಳೆಯುವವರು, ಇಸ್ತ್ರಿಯವರು, ಅಪಾರ್ಟ್‌ಮೆಂಟಿನ ಕಾವಲುಗಾರರು, ಗವಿಪುರ ಗುಟ್ಟಹಳ್ಳಿಯ ವಠಾರಗಳಲ್ಲಿ ಇದ್ದರು. ಅವರ ಮಕ್ಕಳು ಯಾರ ಹತ್ತು ಮನೆಯ ಪಟ್ಟಿಯಲ್ಲೂ ಇರಲಿಲ್ಲ. ಅವರಿಗೆ ಪಡಿತರ ಕಿಟ್ ಹೋಯಿತು, ಒಮ್ಮೆಯಲ್ಲ, ನಾಲ್ಕೈದು ಸಲ ಹೋಯಿತು. ಫೋನು ಹೋಗಲಿಲ್ಲ. ಮಕ್ಕಳ ಸಹಾಯವಾಣಿ 1098 ಇತ್ತು ನಿಜ. ಫೋನೇ ಇಲ್ಲದ ಮಗು ಅದಕ್ಕೆ ಹೇಗೆ ಕರೆ ಮಾಡಬೇಕು?

ನಮ್ಮ ಮನೆಗೆಲಸಕ್ಕೆ ಬರುತ್ತಿದ್ದಾಕೆಯ ಮಗಳು 2020ರಲ್ಲಿ ಸರ್ಕಾರಿ ಶಾಲೆಯಲ್ಲಿ ಹತ್ತನೆಯ ತರಗತಿಗೆ ಬಂದಿದ್ದಳು. ಮನೆಯಲ್ಲಿದ್ದ ಒಂದೇ ಸ್ಮಾರ್ಟ್‌ಫೋನನ್ನು ತಂದೆ ಬೆಳಿಗ್ಗೆ ಜೊತೆಗೆ ಒಯ್ದು ರಾತ್ರಿ ತರುತ್ತಿದ್ದ. ಚಂದನ ವಾಹಿನಿಯ ಪಾಠವನ್ನು ಪಕ್ಕದ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಗಿ ಮೇಷ್ಟ್ರುಗಳು ವಠಾರಕ್ಕೇ, ಗುಡಿಯ ಜಗಲಿಗೇ ಬಂದು ಕಲಿಸತೊಡಗಿದಾಗ ಅವಳ ಮುಖದಲ್ಲಿ ಗೆಲುವು ಬಂದಿತ್ತು; ಸೋಂಕಿನ ಆತಂಕದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಹುಡುಗರಿಗೆ ನಾನು ಹೇಳಿದ ಮೇಲೆ ಹಳೆಯ ಫೋನುಗಳನ್ನು ಸಂಗ್ರಹಿಸಿ ಕೆಲವು ಮಕ್ಕಳಿಗೆ ಕೊಟ್ಟರು. ಅವಳಿಗೂ ಗಾಜು ಬಿರುಕು ಬಿಟ್ಟ ಒಂದು ಫೋನು ಬಂತು. ಮೂರು ವಾರದ ಮೇಲೆ ನೋಡಿದರೆ ಅದು ಅಕ್ಕಿ ಡಬ್ಬದ ಮೇಲೆ ಕೂತಿತ್ತು. ಕೇಳಿದರೆ ತಾಯಿ ತಗ್ಗಿದ ದನಿಯಲ್ಲಿ, 'ಕರೆನ್ಸಿ ಖಾಲಿ ಆಯ್ತು ಅಮ್ಮಾ' ಎಂದಳು. ತಿಂಗಳಿಗೆ ಸುಮಾರು 200 ರೂಪಾಯಿಯ ರೀಚಾರ್ಜು ಯಾರ ಲೆಕ್ಕದಲ್ಲೂ ಬಂದಿರಲಿಲ್ಲ. ಮಾತ್ರೆ ಮುಗಿಯಿತೇ ಎಂದು ನಮ್ಮನ್ನು ದಿನವೂ ಕೇಳಿದ ಸೇವೆ, ಕರೆನ್ಸಿ ಮುಗಿಯಿತೇ ಎಂದು ಆ ಮಗುವನ್ನು ಒಂದು ದಿನವೂ ಕೇಳಲಿಲ್ಲ.

2021ರ ಜನವರಿಯಲ್ಲಿ ಹತ್ತನೆಯ ತರಗತಿ ಮತ್ತೆ ತೆರೆದ ಹೊತ್ತಿಗೆ ಹುಡುಗರು ಈ ತಪ್ಪನ್ನು ಒಪ್ಪಿಕೊಂಡು ಮಕ್ಕಳಿಗೂ ಒಂದು ಚೀಟಿ ಮಾಡಿದರು. ಕಾಲೇಜಿನ ಒಬ್ಬೊಬ್ಬರು ಐದೈದು ಮಕ್ಕಳನ್ನು ವಹಿಸಿಕೊಂಡರು. ಸಂಜೆ ತಂದೆ ತಾಯಿಯರು ಮನೆಗೆ ಬಂದ ಮೇಲೆ ಅವರ ಫೋನಿಗೇ ಕರೆ ಮಾಡಿ ಮಗುವಿನ ಕೈಗೆ ಕೊಡಿಸಿ ಮಾತಾಡುತ್ತಿದ್ದರು. ಅದರ ಬೆಲೆ ಮೇ ತಿಂಗಳಲ್ಲಿ ಗೊತ್ತಾಯಿತು. ಹನ್ನೆರಡರ ಹುಡುಗನೊಬ್ಬ ಫೋನಿನಲ್ಲಿ ಪಾಠದ ಮಾತೆತ್ತದೆ, 'ಅಕ್ಕಾ, ಗಂಜಿಗೆ ಎಷ್ಟು ನೀರು ಹಾಕಬೇಕು?' ಎಂದು ಕೇಳಿದ. ತಂದೆ ತಾಯಿ ಇಬ್ಬರೂ ಜ್ವರದಿಂದ ಮಲಗಿದ್ದರು, ತಂಗಿಗೆ ಅವನು ಅಡುಗೆ ಮಾಡಲು ನೋಡುತ್ತಿದ್ದ. ಒಂದು ಗಂಟೆಯೊಳಗೆ ಊಟ ಹೋಯಿತು, ಆಶಾ ಕಾರ್ಯಕರ್ತೆಗೆ ಸುದ್ದಿ ಹೋಯಿತು, ಮರುದಿನ ಪರೀಕ್ಷೆಯೂ ಆಯಿತು. ಆ ಫೋನು ಇನ್ನೂ ಮೊದಲೇ ಶುರುವಾಗಿದ್ದರೆ ಇನ್ನೆಷ್ಟು ಮನೆಗಳ ಸಂಗತಿ ಹೊರಗೆ ಬರುತ್ತಿತ್ತೋ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅದೇ ಮೇ ತಿಂಗಳ ಕೊನೆಗೆ ಕೋವಿಡ್‌ನಿಂದ ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿಯ ಬಾಲಸೇವಾ ಯೋಜನೆಯನ್ನು ರಾಜ್ಯ ಸರ್ಕಾರ ಘೋಷಿಸಿತು. ಅರ್ಜಿ, ದಾಖಲೆಗಳ ಕೆಲಸಕ್ಕೂ ಈ ಹುಡುಗರು ಅಲೆದರು.

ಮನೆಗೆಲಸದಾಕೆಯ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಆ ವರ್ಷ ಜುಲೈ 19 ಮತ್ತು 22, ಎರಡೇ ದಿನ ನಡೆಯಿತು. 19ರಂದು ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರೂ ಒಟ್ಟಿಗೆ. ಒಂದೊಂದಕ್ಕೆ 40 ಅಂಕ, ಎಲ್ಲವೂ ಸರಿಯುತ್ತರ ಆರಿಸುವ ಪ್ರಶ್ನೆ. ಉತ್ತರಕ್ಕೆ ಗುಂಡಗಿನ ಖಾನೆ ತುಂಬುವ ಹಾಳೆಯನ್ನು ಆ ಮಕ್ಕಳು ಕಂಡೇ ಇರಲಿಲ್ಲ. ಹುಡುಗರು ಮಾದರಿ ಹಾಳೆಗಳನ್ನು ಜೆರಾಕ್ಸ್ ಮಾಡಿಸಿ ತಂದುಕೊಟ್ಟರು, ನಮ್ಮ ತಾರಸಿಯ ಮೇಲೆ ದೂರದೂರ ಕೂರಿಸಿ ಆರು ಮಕ್ಕಳಿಗೆ ನಾನು ಅಭ್ಯಾಸ ಮಾಡಿಸಿದೆ. ನಿವೃತ್ತಳಾದ ಮೇಲೆ ನಾನು ಹಿಡಿದ ಮೊದಲ ಸೀಮೆಸುಣ್ಣ ಅದು. ಸೇವೆ ನನ್ನನ್ನು 'ನೆರವು ಬೇಕಾದವರು' ಎಂಬ ಪಟ್ಟಿಯಲ್ಲಷ್ಟೇ ಇಟ್ಟಿತ್ತು; ಕೊಡಬಲ್ಲವಳು ಎಂದು ಕೇಳಲು ಅದಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ನಮ್ಮ ಅಡ್ಡರಸ್ತೆಯಲ್ಲೇ ನಿವೃತ್ತ ನರ್ಸ್ ಒಬ್ಬರು, ಬ್ಯಾಂಕಿನಲ್ಲಿದ್ದವರು ಇಬ್ಬರು, ಅಂಚೆ ಇಲಾಖೆಯವರೊಬ್ಬರು ಇದ್ದರು. ಲಾಕ್‌ಡೌನಿನಲ್ಲಿ ಅಂಚೆಯಣ್ಣನೇ ಮನೆ ಬಾಗಿಲಿಗೆ ಬಂದು ಆಧಾರ್ ಬೆರಳಚ್ಚಿನ ಮೇಲೆ ಖಾತೆಯಿಂದ ಹಣ ತೆಗೆದುಕೊಡುವ ಏರ್ಪಾಡಿದೆ ಎಂಬುದು ಹುಡುಗರಿಗೆ ತಿಳಿದದ್ದೇ ಆ ಅಂಚೆಯವರಿಂದ. ಚೀಟಿಯಲ್ಲಿ 'ನೀವು ಏನು ಮಾಡಿಕೊಡಬಲ್ಲಿರಿ?' ಎಂಬ ಸಾಲು ಮೊದಲ ದಿನವೇ ಇರಬೇಕಿತ್ತು.

ಸೇವೆ ಈಗಲೂ ಪೂರ್ತಿ ನಿಂತಿಲ್ಲ. ಹುಡುಗರಲ್ಲಿ ಹಲವರು ಕೆಲಸ ಹಿಡಿದು ಬೇರೆ ಕಡೆ ಹೋದರು. ಉಳಿದವರು, ಹೊಸದಾಗಿ ಸೇರಿದವರು ಭಾನುವಾರ ಮಾತ್ರ ಫೋನು ಮಾಡುತ್ತಾರೆ. ಔಷಧ ತರುವುದು ಒಂಟಿಯಾಗಿರುವವರಿಗಷ್ಟೇ. ಆಕ್ಸಿಮೀಟರು, ಗಾಲಿಕುರ್ಚಿ, ವಾಕರ್ ಕೇಳಿದವರಿಗೆ ಎರವಲು ಸಿಗುತ್ತವೆ, ಒರೆಸಿ ವಾಪಸು ಕೊಡಬೇಕು. ಮಕ್ಕಳ ಸಂಜೆಯ ಫೋನು ಪರೀಕ್ಷೆಯ ತಿಂಗಳುಗಳಲ್ಲಿ ಮಾತ್ರ ಇದೆ. ಅದನ್ನು ವರ್ಷವಿಡೀ ನಡೆಸಬೇಕೆಂದು ನಾನು ಪ್ರತಿ ಸಲವೂ ಹೇಳುತ್ತಿದ್ದೇನೆ. ಹೊಸದಾಗಿ ಹೆಸರು ಬರೆಸುವ ಹಿರಿಯರು ಮಾತ್ರೆಯ ಪಟ್ಟಿಯ ಜೊತೆಗೆ ಚೀಟಿಯ ಹಿಂಬದಿಯ, ಫೋನಿನ ಹೊತ್ತಿನ ಪ್ರಶ್ನೆಗೂ ಉತ್ತರ ಬರೆದುಕೊಡಬೇಕು. ಎದುರು ಮನೆಯ ಹಿರಿಯರು 2020ರಲ್ಲಿ 'ಯಾಕೆ ತೊಂದರೆ' ಎಂದುಕೊಂಡು ಆ ಜಾಗವನ್ನು ಖಾಲಿ ಬಿಟ್ಟಿದ್ದರು. ಅವರಿಗೆ ಮೊದಲ ಫೋನು ಹೋದದ್ದು ನಮಗಿಂತ ನಾಲ್ಕು ದಿನ ತಡವಾಗಿ.